ಕಾಮಣಿಗೆ ನಾಟಿ ಔಷಧಿ ಕೊಡಿಸಬಹುದಾ?

ದಾವಣಗೆರೆಯ ಒಂದು ಲ್ಯಾಬ್‌ನಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವುದು ನನ್ನ ಕೆಲಸ. ರಿಪೋರ್ಟ್ ಕೈಗೆ ಕೊಟ್ಟ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ. "ಅಣ್ಣಾ, ಕಾಮಣಿ ಐತಂತೆ. ನಮ್ಮೂರ ಕಡೆ ಒಬ್ರು ಔಷಧಿ ಕೊಡ್ತಾರೆ, ಕೊಡಿಸ್ಬಹುದಾ?" ಹರಿಹರದಿಂದ ಬಂದವರೂ ಇದನ್ನೇ ಕೇಳುತ್ತಾರೆ, ಜಗಳೂರಿನವರೂ ಇದನ್ನೇ ಕೇಳುತ್ತಾರೆ. ಓದಿದವರು ಸ್ವಲ್ಪ ದನಿ ತಗ್ಗಿಸಿ ಕೇಳುತ್ತಾರೆ, ಅಷ್ಟೇ ವ್ಯತ್ಯಾಸ.

ನಾನು ಡಾಕ್ಟರಲ್ಲ. ಔಷಧಿ ಹೇಳುವುದು ನನ್ನ ಕೆಲಸವೂ ಅಲ್ಲ. ಆದರೆ ಈ ಪ್ರಶ್ನೆಗೆ ಅರ್ಧ ಉತ್ತರ ಅವರ ಕೈಯಲ್ಲಿರುವ ಹಾಳೆಯಲ್ಲೇ ಇರುತ್ತದೆ. ಹಾಗಾಗಿ ನಾನು ತಿರುಗಿ ಕೇಳುವುದು ಇಷ್ಟು: ಯಾವ ಕಾಮಣಿ?

ನಮ್ಮ ರಕ್ತದ ಕೆಂಪು ಕಣಗಳು ಸುಮಾರು 120 ದಿನ ಬದುಕಿ ಒಡೆದುಹೋಗುತ್ತವೆ. ಹಾಗೆ ಒಡೆದಾಗ ಬಿಲಿರುಬಿನ್ ಎಂಬ ಹಳದಿ ಪದಾರ್ಥ ಬರುತ್ತದೆ. ಲಿವರ್ ಅದನ್ನು ಹಿಡಿದು, ಪಿತ್ತದ ಜೊತೆ ಕರುಳಿಗೆ ಕಳಿಸುತ್ತದೆ. ಮಲಕ್ಕೆ ಬಣ್ಣ ಬರುವುದೇ ಇದರಿಂದ. ಆರೋಗ್ಯವಾಗಿರುವವರಲ್ಲಿ ಇದು ನೂರು ಮಿಲಿಲೀಟರ್ ರಕ್ತಕ್ಕೆ ಒಂದು ಮಿಲಿಗ್ರಾಂ ಆಸುಪಾಸಿನಲ್ಲಿರುತ್ತದೆ. ಎರಡೂವರೆ, ಮೂರು ದಾಟಿದರೆ ಕಣ್ಣಿನ ಬಿಳಿ ಭಾಗ ಹಳದಿ ಕಾಣುತ್ತದೆ. ಕಣ್ಣನ್ನು ಬಿಸಿಲಿನ ಬೆಳಕಿನಲ್ಲಿ ನೋಡಬೇಕು, ಟ್ಯೂಬ್‌ಲೈಟ್ ಕೆಳಗೆ ಸರಿಯಾಗಿ ಗೊತ್ತಾಗುವುದಿಲ್ಲ. ಚರ್ಮ ಹಳದಿಯಾಗಿ ಕಣ್ಣು ಬೆಳ್ಳಗೇ ಇದ್ದರೆ, ಕ್ಯಾರೆಟ್ಟೋ ಪಪ್ಪಾಯವೋ ಜಾಸ್ತಿ ತಿಂದಿರಬಹುದು.

ಅಂದರೆ ಕೆಡುವ ಜಾಗ ಮೂರು. ರಕ್ತ ಬೇಗ ಬೇಗ ಒಡೆಯುತ್ತಿರಬಹುದು. ಲಿವರ್‌ಗೇ ಪೆಟ್ಟು ಬಿದ್ದಿರಬಹುದು. ಇಲ್ಲವೇ ಲಿವರ್ ಚೆನ್ನಾಗಿದ್ದು, ಪಿತ್ತ ಹರಿಯುವ ನಾಳ ಕಟ್ಟಿರಬಹುದು. ಮೂರರಲ್ಲೂ ಕಣ್ಣು ಒಂದೇ ಥರ ಹಳದಿ. ಹಾಳೆ ಮಾತ್ರ ಬೇರೆ ಬೇರೆ ಹೇಳುತ್ತದೆ. ಇನ್‌ಡೈರೆಕ್ಟ್ ಬಿಲಿರುಬಿನ್ (ಲಿವರ್ ಇನ್ನೂ ಹದ ಮಾಡದ್ದು) ಮಾತ್ರ ಜಾಸ್ತಿ ಇದ್ದರೆ ಹೆಚ್ಚಾಗಿ ರಕ್ತದ ಕಡೆ ನೋಡುತ್ತಾರೆ. ಎಸ್‌ಜಿಪಿಟಿ ಎಂಬ ಲಿವರ್ ಕಿಣ್ವ ಸಾವಿರ ದಾಟಿದ್ದರೆ ಲಿವರ್‌ಗೇ ಜೋರು ಪೆಟ್ಟು ಬಿದ್ದಿದೆ ಎಂದು ಅರ್ಥ. ಅದು ಅಷ್ಟೇನೂ ಏರದೆ ಆಲ್ಕಲೈನ್ ಫಾಸ್ಫಟೇಸ್ ಎಂಬ ಇನ್ನೊಂದು ಕಿಣ್ವ ಏರಿದ್ದರೆ, ನಾಳ ಕಟ್ಟಿದೆಯಾ ಎಂದು ಸ್ಕ್ಯಾನ್ ಮಾಡಿಸುತ್ತಾರೆ.

ಈಗ ನಾಟಿ ಔಷಧಿಗೆ ಬರೋಣ. ಅದಕ್ಕೆ ಇಷ್ಟು ಹೆಸರು ಯಾಕೆ ಬಂತು ಗೊತ್ತಾ? ನಮ್ಮ ಕಡೆ ಹುಡುಗರಿಗೆ ಬರುವ ಕಾಮಣಿಯಲ್ಲಿ ಹೆಚ್ಚಿನದು ಹೆಪಟೈಟಿಸ್ ಎ, ದೊಡ್ಡವರಿಗೆ ಎ ಇಲ್ಲವೇ ಇ. ಎರಡೂ ಕೊಳಕು ನೀರಿನಿಂದ ಬರುವ ವೈರಸ್‌ಗಳು. ವೈರಸ್ ಹೊಟ್ಟೆಗೆ ಹೋಗಿ ಎರಡು ವಾರದಿಂದ ಎರಡು ತಿಂಗಳವರೆಗೂ ಸುಮ್ಮನಿರುತ್ತದೆ. ಜನ ಮಾತ್ರ ನಿನ್ನೆ ತಿಂದ ಮಿರ್ಚಿ ಮಂಡಕ್ಕಿಯನ್ನು ಬೈಯುತ್ತಾರೆ. ಅದರ ತಪ್ಪೇನೂ ಇಲ್ಲ. ಹೋದ ತಿಂಗಳ ಮದುವೆಯಲ್ಲಿ ಕುಡಿದ ನೀರೋ, ರಸ್ತೆ ಬದಿಯ ಐಸೋ ಇರಬೇಕು. ಬೇಸಿಗೆಯಲ್ಲಿ ಕಾಲುವೆ ನೀರು ನಿಂತು, ಕುಂದವಾಡ ಕೆರೆ ಇಳಿದು, ಬೀದಿಗೆ ಟ್ಯಾಂಕರ್ ಬರುವ ಹೊತ್ತಿಗೆ ನೀರು ಕಾಯಿಸದೆ ಕುಡಿಯಬೇಡಿ ಎನ್ನುವುದು ಇದಕ್ಕೇ.

ಮೊದಲು ಜ್ವರ, ವಾಕರಿಕೆ, ಊಟ ಬೇಡ ಅನ್ನಿಸುವುದು. ಆಮೇಲೆ ಮೂತ್ರ ಕಡು ಹಳದಿ. ಆಮೇಲೆ ಕಣ್ಣು. ಕಣ್ಣು ಹಳದಿಯಾಗುವ ಹೊತ್ತಿಗೆ ಮೈ ವೈರಸ್ ಜೊತೆ ಅರ್ಧ ಕುಸ್ತಿ ಮುಗಿಸಿರುತ್ತದೆ. ಎಸ್‌ಜಿಪಿಟಿ ಇಳಿಯಲು ಶುರುವಾಗಿರುತ್ತದೆ. ಬಿಲಿರುಬಿನ್ ಮಾತ್ರ ಇನ್ನೂ ಕೆಲವು ದಿನ ಏರುತ್ತಲೇ ಇರುತ್ತದೆ. ಅದನ್ನು ನೋಡಿ ಗಾಬರಿಯಾಗಿ ನಾಟಿ ವೈದ್ಯರ ಹತ್ತಿರ ಓಡುತ್ತಾರೆ. ಮುಂದಿನ ವಾರದಿಂದ ಹಸಿವು ಬರುತ್ತದೆ, ಹಳದಿ ಇಳಿಯುತ್ತದೆ. ಹೆಸರು ಬೇರಿಗೆ ಹೋಗುತ್ತದೆ. ಸುಮ್ನೆ ಮನೆಯಲ್ಲಿ ಮಲಗಿದ್ದರೂ ಅದೇ ಆಗುತ್ತಿತ್ತು. ಆಸ್ಪತ್ರೆಯಲ್ಲಿ ಕೊಡುವ ಲಿವರ್ ಟಾನಿಕ್‌ಗೂ ನಾನು ಇದೇ ಮಾತು ಹೇಳುತ್ತೇನೆ. ಹೆಪಟೈಟಿಸ್ ಎ ವೈರಸ್ ಕೊಲ್ಲುವ ಔಷಧಿ ಯಾರ ಹತ್ತಿರವೂ ಇಲ್ಲ.

ಹಾಗಂತ ಗಿಡಮೂಲಿಕೆಯನ್ನೆಲ್ಲ ಸುಳ್ಳು ಎನ್ನಲು ನಾನು ಹೊರಟಿಲ್ಲ. ಎಲ್ಲರೂ ಹೇಳುವ ಕಿರುನೆಲ್ಲಿಯನ್ನೇ ತೆಗೆದುಕೊಳ್ಳಿ. 1988ರಲ್ಲಿ ಮದ್ರಾಸಿನ ಸಂಶೋಧಕರು ಅದನ್ನು ಹೆಪಟೈಟಿಸ್ ಬಿ ಇದ್ದವರಿಗೆ ಕೊಟ್ಟು, ಬಹಳ ಜನರಲ್ಲಿ ವೈರಸ್ ಗುರುತು ಹೋಯಿತು ಎಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಹೆಪಟೈಟಿಸ್ ಬಿ ಕಂಡುಹಿಡಿದು ನೊಬೆಲ್ ಪಡೆದ ಬ್ಲಂಬರ್ಗ್ ಅವರೂ ಆ ತಂಡದಲ್ಲಿದ್ದರು. ದೊಡ್ಡ ಸುದ್ದಿಯಾಯಿತು. ಆದರೆ ಬೇರೆ ಕಡೆ ಮತ್ತೆ ಪರೀಕ್ಷೆ ಮಾಡಿದಾಗ ಆ ಫಲ ಸಿಗಲಿಲ್ಲ. ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದ್ದರಲ್ಲ, ಅದು ನನಗೆ ಇಷ್ಟ.

ನನಗೆ ಸಿಟ್ಟು ಬರುವುದು ಬೇರೆಯದಕ್ಕೆ. ಕೈಗೆ ಯಾವುದೋ ರಸ ಹಚ್ಚಿ, ಸುಣ್ಣದ ನೀರಿನಲ್ಲಿ ತೊಳೆಸಿ, "ನೋಡಿ, ಕಾಮಣಿ ಇಳಿತಾ ಐತಿ" ಎನ್ನುತ್ತಾರೆ. ಮಾವಿನ ತೊಗಟೆಯ ರಸಕ್ಕೆ ಸುಣ್ಣ ತಾಗಿದರೆ ನೀರು ಹಳದಿಯಾಗುತ್ತದೆ. ಕಾಮಣಿ ಇಲ್ಲದ ನಾನು ತೊಳೆದುಕೊಂಡರೂ ಹಳದಿಯೇ. ಮೂಗಿಗೆ ಹನಿ ಬಿಟ್ಟು ಹಳದಿ ನೀರು ಸುರಿಸುವುದು ಮೂಗಿನ ಒಳಚರ್ಮ ಸುಟ್ಟು ಸೋರುವುದು, ಅಷ್ಟೇ. ಇನ್ನು ಮಣಿಕಟ್ಟಿಗೆ ಬರೆ ಹಾಕಿಸಿಕೊಂಡು ಬಂದವರ ಕೈಯಲ್ಲಿ ನರ ಹುಡುಕಿ ಸೂಜಿ ಚುಚ್ಚುವಾಗ ನನಗೇ ನೋವಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಹೆಪಟೈಟಿಸ್ ಎ ಇದ್ದವರು ಬಹುತೇಕ ಗುಣವಾಗುತ್ತಾರೆ. ಕಾದು ಕೂತದ್ದರಿಂದ ಕೆಡುವವರು ಬೇರೆಯವರು.

ತುಂಬು ಬಸುರಿಗೆ ಹೆಪಟೈಟಿಸ್ ಇ ಬಂದರೆ ಅದು ಸಾಮಾನ್ಯ ಕಾಮಣಿ ಅಲ್ಲ. ಕೊನೆಯ ಮೂರು ತಿಂಗಳಲ್ಲಿ ಬಂದರೆ ನೂರಕ್ಕೆ 20ರಿಂದ 25 ಜನರ ಜೀವಕ್ಕೇ ಕುತ್ತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಸುರಿಯ ಕಣ್ಣು ಹಳದಿ ಕಂಡರೆ ಅದೇ ದಿನ ದೊಡ್ಡಾಸ್ಪತ್ರೆಗೆ ಹೋಗಬೇಕು, ಮಾತೇ ಇಲ್ಲ.

ಹಸುಗೂಸಿನ ವಿಷಯದಲ್ಲಿ ಇನ್ನೊಂದು. ಹುಟ್ಟಿದ ಎರಡು ಮೂರು ದಿನಕ್ಕೆ ಮಗು ಹಳದಿಯಾಗುವುದು ತುಂಬಾ ಸಾಮಾನ್ಯ. ಜಾಸ್ತಿಯಾದರೆ ನೀಲಿ ಬೆಳಕಿನ ಕೆಳಗೆ ಮಲಗಿಸುತ್ತಾರೆ. ಬೆಳಕಿಗೆ ಬಿಲಿರುಬಿನ್ ಕರಗುತ್ತದೆ. ಅದಕ್ಕೇ ನಾವೂ ಲ್ಯಾಬ್‌ನಲ್ಲಿ ಆ ಸ್ಯಾಂಪಲ್ ಅನ್ನು ಬೆಳಕಿಗಿಡುವುದಿಲ್ಲ. ಆದರೆ ಎರಡು ವಾರ ಕಳೆದರೂ ಹಳದಿ ಹೋಗದೆ, ಮಲ ಸುಣ್ಣದ ಹಾಗೆ ಬೆಳ್ಳಗಿದ್ದರೆ ಡೈರೆಕ್ಟ್ ಬಿಲಿರುಬಿನ್, ಅಂದರೆ ಲಿವರ್ ಹದ ಮಾಡಿದ್ದು, ಎಷ್ಟಿದೆ ಎಂದು ನೋಡಿಸಲೇಬೇಕು. ಪಿತ್ತನಾಳವೇ ಮುಚ್ಚಿಹೋಗುವ ಬಿಲಿಯರಿ ಅಟ್ರೇಸಿಯಾ ಎಂಬ ಅಪರೂಪದ ಕಾಯಿಲೆ ಇರಬಹುದು. ಅದಕ್ಕೆ ಜಪಾನಿನ ಕಸಾಯ್ ಎಂಬ ವೈದ್ಯರು ಕಂಡುಹಿಡಿದ ಆಪರೇಷನ್ ಇದೆ. ಮಗುವಿಗೆ 60 ದಿನ ತುಂಬುವ ಮೊದಲೇ ಆದರೆ ಫಲ ಚೆನ್ನಾಗಿರುತ್ತದೆ. ಅಜ್ಜಿ "ಬಿಸ್ಲಿಗೆ ಹಿಡೀರಿ, ಹೋಗ್ತದೆ" ಎನ್ನುತ್ತಾ ಕೂತರೆ ಆ ದಿನಗಳು ಹೋಗಿಬಿಡುತ್ತವೆ.

ಐವತ್ತು ದಾಟಿದವರಿಗೆ ನೋವೇ ಇಲ್ಲದೆ ಕಾಮಣಿ ಬಂದು, ಮೈ ತುರಿಕೆ, ತೂಕ ಇಳಿಕೆ ಇದ್ದರೆ ಸಮಾಧಾನ ಪಡಬೇಡಿ. ಮೇದೋಜೀರಕದ ತಲೆಯ ಭಾಗದ ಕ್ಯಾನ್ಸರ್ ಹೀಗೇ ಬರುತ್ತದೆ. ಪಿತ್ತದ ಕಲ್ಲು ಜಾರಿ ನಾಳಕ್ಕೆ ಸಿಕ್ಕಿಕೊಂಡರೆ ಬಲ ಪಕ್ಕೆಯ ಕೆಳಗೆ ನೋವು ಬರುತ್ತದೆ. ಜೊತೆಗೆ ಚಳಿಜ್ವರವೂ ಬಂದರೆ ರಾತ್ರಿ ಕಳೆಯಲಿ ಎಂದು ಕಾಯುವ ಹಾಗಿಲ್ಲ. ಟಿಬಿ ಮಾತ್ರೆ ನುಂಗುತ್ತಿರುವವರ ಕಣ್ಣು ಹಳದಿಯಾದರೆ ಆ ಮಾತ್ರೆಯಿಂದಲೇ ಲಿವರ್‌ಗೆ ಪೆಟ್ಟಾಗಿರಬಹುದು. ತಡ ಮಾಡದೆ ಟಿಬಿ ಡಾಕ್ಟರಿಗೆ ತಿಳಿಸಿ. ಕುಡಿಯುವವರ ಕಥೆ ನಿಮಗೇ ಗೊತ್ತು.

ಇನ್ನೊಂದು ಅಪರೂಪದ ಕಾಯಿಲೆ ನಮ್ಮ ಕಡೆಯವರಿಗೆ ಗೊತ್ತಿರಬೇಕು. ವಿಲ್ಸನ್ ಕಾಯಿಲೆ. ಇಂಗ್ಲೆಂಡಿನ ವೈದ್ಯ ವಿಲ್ಸನ್ 1912ರಲ್ಲಿ ಇದನ್ನು ವಿವರಿಸಿದರು. ತಾಮ್ರ ಹೊರಹೋಗದೆ ಲಿವರ್‌ನಲ್ಲಿ, ಮೆದುಳಿನಲ್ಲಿ ತುಂಬಿಕೊಳ್ಳುತ್ತದೆ. ಶಾಲೆಗೆ ಹೋಗುವ ಮಗುವಿಗೆ ಪದೇ ಪದೇ ಕಾಮಣಿ ಬರುವುದು, ಕೈ ನಡುಗುವುದು, ಅಕ್ಷರ ಕೆಡುವುದು, ಮಾತು ತೊದಲುವುದು ಕಂಡರೆ ಇದನ್ನು ನೆನಪಿಸಿಕೊಳ್ಳಬೇಕು. ಕೆಲವರ ಕಣ್ಣಿನ ಕಪ್ಪು ಭಾಗದ ಅಂಚಿಗೆ ಕಂದು ಬಳೆ ಕಟ್ಟಿರುತ್ತದೆ. ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದರೆ ಮಾತ್ರ ಇದು ಬರುವುದು. ಸೋದರಮಾವನನ್ನೋ ಅತ್ತೆ ಮಗನನ್ನೋ ಮದುವೆಯಾದ ಮನೆಗಳಲ್ಲಿ ಆ ಸಾಧ್ಯತೆ ಜಾಸ್ತಿ. ಒಂದು ಮಗುವಿಗೆ ಇದ್ದರೆ ಒಡಹುಟ್ಟಿದವರಿಗೂ ನಾಲ್ಕರಲ್ಲಿ ಒಂದು ಪಾಲು ಇರಬಹುದು. ಅವರಿಗೂ ಪರೀಕ್ಷೆ ಮಾಡಿಸಬೇಕು. ಔಷಧಿ ಇದೆ, ಜೀವನಪೂರ್ತಿ ತೆಗೆದುಕೊಳ್ಳಬೇಕು. ಬೇಗ ಶುರು ಮಾಡಿದವರು ಎಲ್ಲರ ಹಾಗೇ ಓದಿ, ದುಡಿದು, ಬದುಕುತ್ತಾರೆ.

ಇದಕ್ಕೆ ತದ್ವಿರುದ್ಧ ಗಿಲ್ಬರ್ಟ್ ಸಿಂಡ್ರೋಮ್. ಇದು ಕಾಯಿಲೆಯೇ ಅಲ್ಲ ಎನ್ನಬಹುದು. ಹುಟ್ಟಿನಿಂದಲೇ ಬಂದ ಗುಣದಿಂದ ಬಿಲಿರುಬಿನ್ ಸ್ವಲ್ಪ ಜಾಸ್ತಿ, ಉಪವಾಸ ಮಾಡಿದರೆ ಇನ್ನೂ ಜಾಸ್ತಿ. ಎಸ್‌ಜಿಪಿಟಿ ಸರಿ ಇರುತ್ತದೆ, ಸ್ಕ್ಯಾನ್ ಸರಿ ಇರುತ್ತದೆ. ಇಂಥ ಹುಡುಗರು ವರ್ಷಗಟ್ಟಲೆ ಊರೂರು ಅಲೆದು ಬೇರು ಕುಡಿಯುತ್ತಿರುತ್ತಾರೆ. ಅವರಿಗೆ ಏನೂ ಬೇಡ. ಡಾಕ್ಟರ್ ಒಮ್ಮೆ ಖಚಿತ ಮಾಡಿ ಹೇಳಿದರೆ ಸಾಕು.

ಹಾಗಾದರೆ ನನ್ನ ಉತ್ತರ? ಮೊದಲು ಲಿವರ್ ಟೆಸ್ಟ್, ವೈರಸ್ ಟೆಸ್ಟ್ ಮಾಡಿಸಿ, ಡಾಕ್ಟರಿಗೆ ತೋರಿಸಿ. ಹೆಪಟೈಟಿಸ್ ಬಿ ಅಥವಾ ಸಿ ಬಂದರೆ ನಾಟಿ ಕಡೆ ತಿರುಗಲೇಬೇಡಿ. ಸಿ ವೈರಸ್ ಈಗ ಹೆಚ್ಚಿನವರಲ್ಲಿ 12 ವಾರದ ಮಾತ್ರೆಯಲ್ಲೇ ಗುಣವಾಗುತ್ತದೆ. 2018ರಿಂದ ಸರ್ಕಾರದ ಕಾರ್ಯಕ್ರಮದಲ್ಲಿ ಇವಕ್ಕೆ ಉಚಿತ ಚಿಕಿತ್ಸೆ ಇದೆ, ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ. ಎ ಎಂದು ಗೊತ್ತಾದ ಮೇಲೂ ಏನು ಎಂದೇ ತಿಳಿಯದ ಕಷಾಯ ಬೇಡ ಎನ್ನುತ್ತೇನೆ. ಗಾಯವಾದ ಲಿವರೇ ಅದನ್ನೂ ಜೀರ್ಣಿಸಬೇಕಲ್ವಾ? ಯಾವುದೇ ಕಾಮಣಿಯಲ್ಲಿ ರೋಗಿ ಮಂಕಾಗಿ ಅಡ್ಡಾದಿಡ್ಡಿ ಮಾತಾಡಿದರೆ, ಹಗಲೆಲ್ಲ ನಿದ್ದೆ ಮಾಡಿದರೆ, ಒಸಡಿನಲ್ಲಿ ರಕ್ತ ಬಂದರೆ, ರಿಪೋರ್ಟ್‌ನಲ್ಲಿ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ ಹೇಳುವ ಪಿಟಿ ಐಎನ್‌ಆರ್ ಏರಿದ್ದರೆ ತಕ್ಷಣ ಅಡ್ಮಿಟ್ ಮಾಡಿ.

ಇದಾದ ಮೇಲೆ ಹೆಂಗಸರು ಕೇಳುವುದು ಪಥ್ಯ. ಉಪ್ಪು ಬೇಡ, ಎಣ್ಣೆ ಬೇಡ, ಅರಿಶಿನ ಬೇಡ ಎಂದು ಬರೀ ಗಂಜಿ ಕೊಟ್ಟು ರೋಗಿಯನ್ನು ಒಣಗಿಸುತ್ತಾರೆ. ಅರಿಶಿನ ತಿಂದರೆ ಬಿಲಿರುಬಿನ್ ಏರುವುದಿಲ್ಲ, ಬಣ್ಣ ಒಂದೇ, ಅಷ್ಟೇ. ಸೇರಿದ್ದನ್ನು ತಿನ್ನಲಿ. ಅನ್ನ, ಮುದ್ದೆ, ಬೇಳೆ ಸಾರು, ಮೊಸರು, ಮೊಟ್ಟೆ ಎಲ್ಲ ಆಗಬಹುದು. ವಾಕರಿಕೆ ಇದ್ದಾಗ ಕರಿದದ್ದು ಬೇಡ, ಬೆಣ್ಣೆದೋಸೆಗೆ ಒಂದಷ್ಟು ದಿನ ರಜೆ ಇರಲಿ. ಹೆಂಡ ಮುಟ್ಟಲೇಬಾರದು. ಕಬ್ಬಿನ ಹಾಲು ಒಳ್ಳೆಯದು ಎಂದು ರಸ್ತೆ ಬದಿಯಿಂದ ಐಸ್ ಹಾಕಿಸಿ ತರಬೇಡಿ. ಆ ವೈರಸ್ ಬಂದದ್ದೇ ಅಂಥ ಲೋಟದಿಂದ ಇದ್ದರೂ ಇರಬಹುದು.