ಯಾಲದ ಚಿರತೆ, ರೆಕವದ ಆಮೆ

ಶ್ರೀಲಂಕಾದ ಕಾಡು ಮತ್ತು ಕಡಲನ್ನು ಒಂದೇ ಪ್ರವಾಸದಲ್ಲಿ ನೋಡಬಯಸುವವರು ಮೊದಲು ಮಳೆಯ ಲೆಕ್ಕ ಹಾಕಬೇಕು. ಮೇ ತಿಂಗಳಿಂದ ನೈಋತ್ಯ ಮುಂಗಾರು ದಕ್ಷಿಣ ಮತ್ತು ಪಶ್ಚಿಮದ ತೀರಗಳನ್ನು ಕಲಕುವಾಗ ಪೂರ್ವದ ತ್ರಿಂಕೋಮಲಿಯ ಕಡಲು ಶಾಂತವಾಗಿರುತ್ತದೆ. ನಾವು ಹೋದದ್ದು ಫೆಬ್ರವರಿಯಲ್ಲಾದ್ದರಿಂದ ದಕ್ಷಿಣವನ್ನೇ ಆರಿಸಿಕೊಂಡೆವು.

ಹುಲಿ, ಸಿಂಹಗಳಿಲ್ಲದ ಈ ದ್ವೀಪದಲ್ಲಿ ಚಿರತೆಯೇ ಕಾಡಿನ ದೊರೆ. ಹಾಗಾಗಿಯೋ ಏನೋ, ಯಾಲದಲ್ಲಿ ನಾವು ಕಂಡ ಚಿರತೆ ಹಗಲಿನಲ್ಲೇ ಬಂಡೆಯ ಮೇಲೆ ಬಾಲ ಇಳಿಬಿಟ್ಟು ಮಲಗಿತ್ತು. ಸುತ್ತ ನೆರೆದ ಜೀಪುಗಳ ಗದ್ದಲಕ್ಕೆ ಒಂದು ಕಿವಿಯನ್ನಷ್ಟೇ ಹೊರಳಿಸಿತು. ಆ ನೂಕುನುಗ್ಗಲು ನನಗೆ ಹಿಡಿಸಲಿಲ್ಲ. 1972ರಲ್ಲಿ ರಾಷ್ಟ್ರೀಯ ಉದ್ಯಾನವಾದ ಉಡವಲವೆಯೇ ಮೇಲು. ಅಲ್ಲಿನ ಜಲಾಶಯದ ಅಂಚಿನಲ್ಲಿ ಆನೆಗಳ ಹಿಂಡನ್ನು ನೆಮ್ಮದಿಯಿಂದ ನೋಡಬಹುದು. ಬಂಡೀಪುರದ ಸಲಗಗಳನ್ನು ಕಂಡ ಕಣ್ಣಿಗೆ ಇಲ್ಲಿನ ಗಂಡಾನೆಗಳಲ್ಲಿ ಬಹುಪಾಲಿಗೆ ದಂತವೇ ಇಲ್ಲದಿರುವುದು ವಿಚಿತ್ರವೆನಿಸುತ್ತದೆ.

ಮಿರಿಸ್ಸಾದಲ್ಲಿ ನೀಲಿ ತಿಮಿಂಗಿಲವನ್ನು ನೋಡಲು ದೋಣಿ ಹತ್ತಿದ ನಾನು ಹೆಚ್ಚಿನ ಹೊತ್ತು ವಾಂತಿಯಲ್ಲೇ ಕಳೆದೆ.

ರೆಕವದ ರಾತ್ರಿಯನ್ನು ಮಾತ್ರ ಮರೆಯಲಾರೆ. ಬೆಳಕು ಕಂಡರೆ ಆಮೆ ಮೊಟ್ಟೆಯಿಡದೆ ಕಡಲಿಗೆ ಮರಳಿಬಿಡುತ್ತದೆಂದು ಮೊಬೈಲುಗಳನ್ನು ಆರಿಸಿ, ಮರಳಿನ ಮೇಲೆ ಎರಡು ಗಂಟೆ ಮೌನವಾಗಿ ಕುಳಿತಿದ್ದೆವು. ಕೊನೆಗೆ ಕಂಡ ಹಸಿರು ಕಡಲಾಮೆ ಹಿಂಗಾಲುಗಳನ್ನು ಸೌಟಿನಂತೆ ಮಡಚಿ, ಒಂದೊಂದೇ ಬೊಗಸೆ ಮರಳನ್ನು ಹೊರಹಾಕಿ ಗುಂಡಿ ತೋಡಿತು. ಪಿಂಗ್‌ಪಾಂಗ್ ಚೆಂಡಿನಂಥ ಒದ್ದೆ ಮೊಟ್ಟೆಗಳು ಎರಡು ಮೂರರಂತೆ ಅದರೊಳಗೆ ಬೀಳತೊಡಗಿದವು. ಗುಂಡಿ ಮುಚ್ಚುವಾಗ ಅದು ಎರಚಿದ ಮರಳು ನನ್ನ ಮೊಣಕಾಲಿಗೆ ತಾಗಿತು.