ಎಡಕ್ಕೆ ತುಳಿದ್ರೆ ಬಲಕ್ಕೆ

ಕಳೆದ ನವೆಂಬರ್ 2025ರಲ್ಲಿ ಏರ್‌ಬಸ್ ಎ320 ವಿಮಾನಗಳ ನಿಯಂತ್ರಣ ಕಂಪ್ಯೂಟರ್ ಸರಿಪಡಿಸದೆ ಹಾರಿಸಬೇಡಿ ಅಂತ ತುರ್ತು ಆದೇಶ ಬಂತಲ್ಲ, ಆ ಮಾತು ಮೊನ್ನೆ ಸರಸ್ವತಿಪುರಂನ ಚಿಕ್ಕಪ್ಪನ ಮನೇಲಿ ಮತ್ತೆ ಎದ್ದಿತು. "ಚೆನ್ನಾಗಿ ಹಾರ್ತಿರೋದನ್ನ ಬಿಚ್ಚಿ ಕೂರೋದು ದುಡ್ಡು ದಂಡ ಅಲ್ವೇನೋ?" ಅಂದ್ರು. ಬೋಯಿಂಗ್ 737ರ ಕಥೆ ಹೇಳ್ದೆ.

1991ರಲ್ಲಿ ಕೊಲರಾಡೊ ಸ್ಪ್ರಿಂಗ್ಸ್‌ನಲ್ಲಿ ಒಂದು ಬಿತ್ತು, 25 ಜನ ಹೋದ್ರು. 1994ರಲ್ಲಿ ಪಿಟ್ಸ್‌ಬರ್ಗ್ ಹತ್ತಿರ ಇನ್ನೊಂದು, 132 ಜನ. ಬಾಲದಲ್ಲಿ ರಡ್ಡರ್ ಅಂತ ಇರುತ್ತೆ, ವಿಮಾನದ ಮೂತಿಯನ್ನ ಎಡಕ್ಕೆ ಬಲಕ್ಕೆ ತಿರುಗಿಸೋ ಹಲಗೆ. ಅದನ್ನ ಆಡಿಸೋ ಯಂತ್ರದೊಳಗೆ ಅಂಗೈಲಿ ಹಿಡಿಸೋ ಅಷ್ಟು ಸಣ್ಣ ವಾಲ್ವ್, ಅದರಲ್ಲಿ ಒಂದರೊಳಗೊಂದು ಜಾರೋ ಎರಡು ಭಾಗ. ಕೊರೆಯೋ ಚಳಿಯಲ್ಲಿರೋ ವಾಲ್ವಿಗೆ ಬಿಸಿ ಹೈಡ್ರಾಲಿಕ್ ದ್ರವ ನುಗ್ಗಿದ್ರೆ ಅದು ಕಚ್ಕೊಳ್ಳಬಹುದು ಅಂತ ಪ್ರಯೋಗದಲ್ಲಿ ಗೊತ್ತಾಯ್ತು. ಆಗ ಪೈಲಟ್ ಎಡ ಪೆಡಲ್ ತುಳಿದ್ರೆ ರಡ್ಡರ್ ಬಲಕ್ಕೆ! ಗಾಬರಿಲಿ ಇನ್ನೂ ಜೋರಾಗಿ ತುಳೀತಾರೆ, ಪಾಪ. ಆಮೇಲೆ ಬಿಚ್ಚಿ ನೋಡಿದ್ರೆ ಕಚ್ಕೊಂಡ ಗುರುತೂ ಇರಲ್ಲ. 1996ರಲ್ಲಿ ಹೀಗೇ ಹೊರಳಾಡಿದ ವಿಮಾನವೊಂದು ಕ್ಷೇಮವಾಗಿ ಇಳಿದಿದ್ದಕ್ಕೆ ಕೇಸು ಬಗೆಹರೀತು, ಹೇಳೋಕೆ ಪೈಲಟ್‌ಗಳು ಬದುಕಿದ್ರು.

1997ರಲ್ಲಿ ವಾಲ್ವ್ ಬದಲಿಸಿ ಅಂತ ಆದೇಶ ಆಯ್ತು. ಅದೂ ಸಾಲದೆ 2002ರಲ್ಲಿ ರಡ್ಡರ್ ವ್ಯವಸ್ಥೆನೇ ಹೊಸದು ಹಾಕಿ ಅಂದ್ರು, ಗಡುವು ಆರು ವರ್ಷ.

ಚಿಕ್ಕಪ್ಪ ದುಡ್ಡಿನ ಮಾತು ಬಿಟ್ರು. "ಮೊದಲನೇದು ಬಿದ್ದಿದ್ದು 91ರಲ್ಲಿ ಅಂದ್ಯಲ್ಲ, ಅಷ್ಟು ವರ್ಷ ಏನ್ ಮಾಡ್ತಿದ್ರು?" ಅಂದ್ರು. ಕೇಳ್ಬೇಕಾದ್ದೇ. ಎ320ಗೆ ಆದೇಶ ಬಂದಿದ್ದು ಹಾರಾಟದಲ್ಲಿ ಒಂದು ವಿಮಾನಕ್ಕೆ ತೊಂದರೆ ಆಗಿ ತಿಂಗಳೊಳಗೆ, ಅದರಲ್ಲಿ ಒಬ್ಬರೂ ಸತ್ತಿರಲಿಲ್ಲ.