ಗ್ರೀಕ್ ಹರಕೆ ಶಾಸನ: ಮೊದಲು ಕ್ರಿಯಾಪದ ಹುಡುಕಿ

ಪ್ರಾಚೀನ ಗ್ರೀಕರು ದೇವರಿಗೆ ಒಪ್ಪಿಸಿದ ವಸ್ತುಗಳ ಮೇಲಿನ ಬರಹದಲ್ಲಿ ಪದಗಳ ನಡುವೆ ಸಾಮಾನ್ಯವಾಗಿ ಜಾಗವೇ ಇರುವುದಿಲ್ಲ. ಮೊದಲಕ್ಷರದಿಂದ ಓದಲು ಹೊರಟರೆ ಬೇಗ ತೊಡಕಾಗುತ್ತದೆ. ‘ಅನೆಥೇಕೆ’, ಅಂದರೆ ‘ಅರ್ಪಿಸಿದ’ ಅಥವಾ ‘ಅರ್ಪಿಸಿದಳು’ ಎಂಬ ಏಕವಚನದ ಕ್ರಿಯಾಪದವನ್ನು ಮೊದಲು ಹುಡುಕಿ. ಅದು ಸಿಕ್ಕರೆ ಪ್ರಥಮಾ ವಿಭಕ್ತಿಯಲ್ಲಿರುವುದು ಕೊಟ್ಟವರ ಹೆಸರು, ಚತುರ್ಥಿಯಲ್ಲಿರುವುದು ದೇವರದು. ‘ಅನೆಥೆಸನ್’ ಎಂದಿದ್ದರೆ ಬಹುವಚನ. ಕಲ್ಲು ಒಡೆದು ಒಂದೇ ಹೆಸರು ಉಳಿದಿದ್ದರೂ ಇನ್ನೊಂದಕ್ಕೆ ಜಾಗ ಬಿಡಲೇಬೇಕು.

ಬಾಸ್ಟನ್ ಲಲಿತಕಲಾ ಸಂಗ್ರಹಾಲಯದಲ್ಲಿರುವ ಮಾಂಟಿಕ್ಲೋಸ್‌ನ ಕಂಚಿನ ಮೂರ್ತಿ ನೋಡಿ. ಥೀಬ್ಸ್‌ನದು, ಕ್ರಿ.ಪೂ. 700–675ರ ಸುಮಾರಿನದು, ಎತ್ತರ 20 ಸೆಂ.ಮೀ. ಆಸುಪಾಸು. ತೊಡೆಗಳ ಮೇಲೆ ಎರಡು ಪದ್ಯಸಾಲುಗಳಿವೆ. ಮಾಂಟಿಕ್ಲೋಸ್ ತನ್ನ ದಶಾಂಶದಿಂದ, ಅಂದರೆ ದೇವರಿಗೆಂದು ತೆಗೆದಿಟ್ಟ ಹತ್ತನೇ ಒಂದು ಪಾಲಿನಿಂದ, ಬೆಳ್ಳಿಬಿಲ್ಲಿನ ದೇವರಿಗೆ ‘ನನ್ನನ್ನು’ ಅರ್ಪಿಸಿದ ಎಂದು ಮೂರ್ತಿಯೇ ಹೇಳುತ್ತದೆ. ಫೊಯ್ಬೋಸ್ (ಆ ದೇವರು ಅಪೋಲೊನ ಇನ್ನೊಂದು ಹೆಸರು), ನೀನೂ ಪ್ರತಿಯಾಗಿ ಒಳ್ಳೆಯದನ್ನು ಕೊಡು ಎಂದು ಕೇಳುತ್ತದೆ. ಕೊಟ್ಟು ಕೇಳುವ ಈ ನೇರತನ ನನಗೆ ಬಹಳ ಇಷ್ಟ.

ಕ್ರಿಯಾಪದ ಇಲ್ಲದವೂ ಉಂಟು. ಸಿರಾಕ್ಯೂಸಿನವರು ಎಟ್ರಸ್ಕನ್ನರನ್ನು ಸೋಲಿಸಿದ ಕ್ರಿ.ಪೂ. 474ರ ಕ್ಯೂಮೆ ಕದನದ ನಂತರ ಗ್ರೀಸಿನ ಒಲಿಂಪಿಯಾ ಕ್ಷೇತ್ರಕ್ಕೆ ಬಂದ ಶಿರಸ್ತ್ರಾಣದಲ್ಲಿ ಅವರ ಅರಸ ಹಿಯೆರೊನ್ ಮತ್ತು ಸಿರಾಕ್ಯೂಸಿನವರ ಹೆಸರು, ಜ್ಯೂಸ್ ದೇವರ ಹೆಸರು, ‘ಕ್ಯೂಮೆಯಿಂದ ಎಟ್ರಸ್ಕನ್ನರದು’ ಎಂಬಷ್ಟೇ ಇದೆ. ಅಲ್ಲೇ ಸಿಕ್ಕ ಮಿಲ್ಟಿಯಾಡೀಸ್‌ನ ಶಿರಸ್ತ್ರಾಣದಲ್ಲಿ ಕ್ರಿಯಾಪದವಿದೆ, ಕದನದ ಹೆಸರಿಲ್ಲ. ಹಾಗಾಗಿ ಅದನ್ನು ಅಥೆನ್ಸಿನ ಸೇನಾನಿ ಮಿಲ್ಟಿಯಾಡೀಸ್ ಪರ್ಷಿಯನ್ನರ ಮೇಲೆ ಗೆದ್ದ ಮ್ಯಾರಥಾನ್ ಕದನಕ್ಕೆ ಗಂಟುಹಾಕುವುದು ಬರೀ ಊಹೆ.

ಹೊಸಬರು ಎಡವುವುದು ಲಿಪಿಯಲ್ಲಿ. ಅಥೆನ್ಸ್ ಅಯೋನಿಯನ್ ಲಿಪಿಯನ್ನು (ಪೂರ್ವದ ಅಯೋನಿಯಾ ಪ್ರದೇಶದ ಗ್ರೀಕ್ ಅಕ್ಷರಮಾಲೆಯನ್ನು) ಅಧಿಕೃತವಾಗಿ ಒಪ್ಪಿದ್ದು ಕ್ರಿ.ಪೂ. 403/402ರಲ್ಲಿ. ಅದಕ್ಕೂ ಮೊದಲಿನ ಅಲ್ಲಿನ ಶಾಸನಗಳಲ್ಲಿ ಎ–ಏ ಎರಡಕ್ಕೂ ಸಾಮಾನ್ಯವಾಗಿ ಒಂದೇ ಅಕ್ಷರ, ಒ–ಓಗೂ ಹಾಗೆಯೇ. ಮುಂದೆ ಏಕಾರವಾದ ಅಕ್ಷರ (H) ಆಗ ಹಕಾರ. ಕೆಲವು ಹಳೆಯ ಬರಹಗಳಲ್ಲಿ ಸಾಲು ಉಳುವ ಎತ್ತಿನಂತೆ ತುದಿಯಲ್ಲಿ ಹಿಂದಿರುಗುತ್ತದೆ, ಅಕ್ಷರಗಳೂ ಮುಖ ತಿರುಗಿಸುತ್ತವೆ.

ಅಚ್ಚಾದ ಪಾಠದಲ್ಲಿ ಚೌಕಾವರಣದೊಳಗಿರುವುದು ಸಂಪಾದಕರು ತುಂಬಿದ್ದು, ಅಕ್ಷರದ ಕೆಳಗಿನ ಚುಕ್ಕಿ ಅನುಮಾನದ ಗುರುತು. ದೇವರ ಹೆಸರೇ ಆವರಣದೊಳಗಿದ್ದರೆ ಅದರ ಮೇಲೆ ವಾದ ಕಟ್ಟಬೇಡಿ.

ಕಲ್ಲಿನ ಪಡಿಯಚ್ಚು ತೆಗೆಯುವಾಗ, ಅನುಮತಿ ಪಡೆದ ಮೇಲೆ, ಮೊದಲು ಧೂಳು ತೆಗೆಯಿರಿ. ಒದ್ದೆ ಫಿಲ್ಟರ್ ಕಾಗದ ಹಾಸಿ ಗಟ್ಟಿ ಬ್ರಷ್‌ನಿಂದ ನಡುವಿನಿಂದ ಅಂಚಿನ ಕಡೆಗೆ ಬಡಿಯಿರಿ. ಗಾಳಿ ಉಳಿದರೆ ಅಲ್ಲಿ ಅಕ್ಷರ ಮೂಡುವುದಿಲ್ಲ. ಪೂರ್ತಿ ಒಣಗುವ ಮುಂಚೆ ಎಳೆದರೆ ಕಾಗದ ಹಿಗ್ಗಿ ಅಳತೆ ಕೆಡುತ್ತದೆ. ಅಕ್ಷರದ ಗೀರಿನಲ್ಲಿ ಕೆಂಪು ಬಣ್ಣದ ಚೂರು ಉಳಿದಿದ್ದರಂತೂ ಕಾಗದ ತಾಗಿಸಲೇಬೇಡಿ, ಬಣ್ಣ ಅದರೊಂದಿಗೇ ಎದ್ದುಬರುತ್ತದೆ. ಅಂಥ ಕಲ್ಲಿಗೆ ಬದಿಯಿಂದ ಓರೆಯಾಗಿ ಬೆಳಕು ಬಿಟ್ಟು, ದಿಕ್ಕು ಬದಲಿಸುತ್ತ ಹಲವು ಫೋಟೊ ತೆಗೆಯಿರಿ.